ಮೂಢನಂಬಿಕೆ, ಮೌಢ್ಯ, ಕಂದಾಚಾರ: ಮೂರರ ಅರ್ಥವೂ ಒಂದೆಯೇ?

ಒಂದೇ ಅಲ್ಲ, ಹತ್ತಿರದ ನೆಂಟರು. ಕಾರ್ಯಕಾರಣ ಸಂಬಂಧವೇ ಇಲ್ಲದ ಕಡೆ ಅದನ್ನು ಕಲ್ಪಿಸಿಕೊಂಡು, ಪರೀಕ್ಷಿಸದೆ ನಂಬುವುದು ಮೂಢನಂಬಿಕೆ. ಅಂಧಶ್ರದ್ಧೆ ಎಂದರೂ ಅದೇ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆಂಬ ಮಾತನ್ನೇ ನೋಡಿ. ಅದಕ್ಕೆ ಹೆದರಿ ಆ ಊರಿನತ್ತ ಸುಳಿಯದವರಿದ್ದರು. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯ ಹಲವು ಬಾರಿ ಹೋಗಿಬಂದರು, ಐದು ವರ್ಷದ ಅವಧಿಯನ್ನೂ ಪೂರೈಸಿದರು. ಇಷ್ಟಾದರೂ ಆ ಮಾತು ಪೂರ್ತಿ ಸತ್ತಿಲ್ಲ, ಅದೇ ವಿಚಿತ್ರ!

ಇಂಥ ನಂಬಿಕೆಯ ಹಿಂದಿರುವ ಅವಿವೇಕವೇ ಮೌಢ್ಯ. ಅರ್ಥ ಮರೆತುಹೋದರೂ ಕೈಬಿಡದ ಆಚಾರ, ಕಂದಾಚಾರ. ವಾಮಾಚಾರ ಮಾತ್ರ ಬೇರೆ, ಅದು ಮಾಟಮಂತ್ರದ ಕಡೆಯದು. ಕರ್ನಾಟಕದ 2017ರ ಕಾಯ್ದೆ ನಿಷೇಧಿಸುವುದು ಇದನ್ನು ಮತ್ತು ಅಮಾನವೀಯ ಪದ್ಧತಿಗಳನ್ನು. ಜ್ಯೋತಿಷ್ಯ, ವಾಸ್ತು ಸಲಹೆ ಅದರ ವ್ಯಾಪ್ತಿಗೆ ಬರುವುದಿಲ್ಲ.