ಎಂಇ/ಸಿಎಫ್‌ಎಸ್ ರೋಗಿಗಳು ಪೇಸ್ ಅಧ್ಯಯನವನ್ನು ಯಾಕೆ ಒಪ್ಪುವುದಿಲ್ಲ?

ಸುಮ್ನೆ ಹಟಕ್ಕಲ್ಲ. ಎಂಇ/ಸಿಎಫ್‌ಎಸ್ ಅಂದರೆ ವರ್ಷಗಟ್ಟಲೆ ಬಿಡದ, ವಿಪರೀತ ಆಯಾಸದ ಕಾಯಿಲೆ, ಸ್ವಲ್ಪ ಜಾಸ್ತಿ ಓಡಾಡಿದರೂ ಮರುದಿನ ಹಾಸಿಗೆ ಹಿಡಿಯಬೇಕಾಗುತ್ತದೆ. ಬ್ರಿಟನ್ನಿನ ಪೇಸ್ ಅಧ್ಯಯನ 641 ರೋಗಿಗಳ ಮೇಲೆ ನಡೆಯಿತು. ವ್ಯಾಯಾಮವನ್ನು ಹಂತಹಂತವಾಗಿ ಹೆಚ್ಚಿಸಿದರೆ ಅಥವಾ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಕೊಟ್ಟರೆ ಸುಧಾರಿಸುತ್ತದೆ ಎಂದು 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಆದರೆ ಅಳತೆಗೋಲನ್ನು ನಡುವೆಯೇ ಸಡಿಲಿಸಿದ್ದರು! ದೈಹಿಕ ಸಾಮರ್ಥ್ಯದ ಅಂಕ 65 ಅಥವಾ ಅದಕ್ಕಿಂತ ಕಡಿಮೆ ಇದ್ದವರನ್ನು ರೋಗಿಗಳೆಂದು ಸೇರಿಸಿಕೊಂಡು, ಕೊನೆಗೆ 60 ಬಂದರೂ ಸಾಮಾನ್ಯ ಮಟ್ಟ ಎಂದರು, ಅಂದರೆ ಮೊದಲಿಗಿಂತ ಹದಗೆಟ್ಟವರೂ ಆ ಗೆರೆ ದಾಟಬಹುದಿತ್ತು ಅಲ್ವಾ? ರೋಗಿಯೊಬ್ಬರು ಮಾಹಿತಿ ಹಕ್ಕಿನಡಿ ಅಂಕಿಅಂಶ ಕೇಳಿದರೂ ಕೊಡಲಿಲ್ಲ, 2016ರಲ್ಲಿ ನ್ಯಾಯಮಂಡಳಿ ಹೇಳಿದ ಮೇಲೆಯೇ ಕೊಟ್ಟರು. ಅಧ್ಯಯನದಲ್ಲಿ ತಪ್ಪಿದೆ ಎಂದು ಇಷ್ಟು ವರ್ಷ ರೋಗಿಗಳು ಹೇಳುತ್ತಿದ್ದರು, ಯಾರೂ ನಂಬಲಿಲ್ಲ. 2021ರಲ್ಲಿ ಅಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ ಆ ವ್ಯಾಯಾಮ ಚಿಕಿತ್ಸೆ ಕೊಡಬೇಡಿ ಎಂದಿತು.