ನೆರೆಯಲ್ಲಿ ಮುಳುಗಿದರೂ ಸ್ವರ್ಣ-ಸಬ್1 ಭತ್ತ ಬದುಕುವುದು ಹೇಗೆ?

ವರದಾ ನದಿ ಉಕ್ಕಿದಾಗ ಬನವಾಸಿ ಕಡೆ ಗದ್ದೆಗಳು ಮುಳುಗುತ್ತವೆ, ಭತ್ತ ವಾರದಲ್ಲೇ ಕೊಳೆಯುತ್ತದೆ. ಸ್ವರ್ಣ-ಸಬ್1 ಎರಡು ವಾರ ಹೇಗೆ ತಡೆಯುತ್ತದೆ ಎಂಬುದು ನಿಮ್ಮ ಪ್ರಶ್ನೆ.

ಕಾರಣ ಸಬ್1ಎ ಎಂಬ ಜೀನ್. ಇದು ತಯಾರಿಸುವುದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್, ಅಂದರೆ ಡಿಎನ್‌ಎಗೆ ಅಂಟಿಕೊಂಡು ಬೇರೆ ಜೀನ್‌ಗಳನ್ನು ಚಾಲೂ ಮಾಡುವ ಅಥವಾ ಸುಮ್ಮನಿರಿಸುವ ಪ್ರೋಟೀನ್. ನೀರಿನಡಿ ಸಸಿಯೊಳಗೆ ಎಥಿಲೀನ್ ಅನಿಲ ಹೊರಹೋಗದೆ ತುಂಬಿಕೊಳ್ಳುತ್ತದೆ. ಮಾಮೂಲಿ ಸಸಿ ಆಗ ಉಸಿರಿಗಾಗಿ ಉದ್ದುದ್ದ ಬೆಳೆದು, ಕೂಡಿಟ್ಟ ಪಿಷ್ಟವನ್ನೆಲ್ಲ ಮುಗಿಸಿ, ನೀರಿಳಿದಾಗ ನೆಲಕ್ಕೊರಗುತ್ತದೆ. ಸಬ್1 ತಳಿಯಲ್ಲಿ ಅದೇ ಎಥಿಲೀನ್ ಸಬ್1ಎ ಜೀನನ್ನು ಎಬ್ಬಿಸುತ್ತದೆ. ಬೆಳವಣಿಗೆಯ ಹಾರ್ಮೋನು ಗಿಬ್ಬರೆಲಿನ್‌ಗೆ ಸಸಿ ಸ್ಪಂದಿಸುವುದು ತಗ್ಗುತ್ತದೆ, ಪಿಷ್ಟ ಉಳಿಯುತ್ತದೆ, ನೀರಿಳಿದ ಮೇಲೆ ಹೊಸ ಎಲೆ ಬರುತ್ತದೆ.

ಜೀನ್ ಬಂದದ್ದು ಒಡಿಶಾದ ಎಫ್‌ಆರ್13ಎ ಭತ್ತದಿಂದ, ಗುರುತಿಸಿದ್ದು 2006ರಲ್ಲಿ. ಅದನ್ನು ಸ್ವರ್ಣ ತಳಿಗೆ ತಳಿ ಸಂಕರದಿಂದ ತಂದದ್ದು, ಕುಲಾಂತರಿಯಲ್ಲ. ಕುಮಟಾದ ಗಜನಿಗೆ, ಅಂದರೆ ಉಪ್ಪುನೀರು ನುಗ್ಗುವ ಕರಾವಳಿ ಗದ್ದೆಗೆ, ಮಾತ್ರ ಇದನ್ನು ಹಾಕಬೇಡಿ, ಉಪ್ಪುನೀರು ತಾಳುವ ಗುಣವೇ ಬೇರೆ. ಅಲ್ಲಿ ಉಪ್ಪು ತಾಳುವ ಸ್ಥಳೀಯ ಭತ್ತ ಕಗ್ಗವೇ ಸರಿ.