ಆ ಒಂದು ಸೆಮಿಸ್ಟರ್ ಯಾರದು?

ಈ ವಾರ ಬಂದ ಒಂದು ಪತ್ರವನ್ನು ಓದಿದ ಮೇಲೆ ಉಳಿದವನ್ನು ಬಿಚ್ಚಲು ನನಗೆ ಮನಸ್ಸಾಗಲಿಲ್ಲ. ಬರೆದವರು ಹೆಸರು ಹಾಕಬೇಡಿ ಎಂದಿದ್ದಾರೆ. ಮದುವೆಯಾಗಿ ನಾಲ್ಕು ವರ್ಷವಾಗಿದೆ. ಗಂಡ ಹೆಂಡತಿ ಇಬ್ಬರೂ ಒಂದೇ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾರೆ. ಪತಿ ಜೀವಕೋಶಗಳ ಮೇಲೆ ಕೆಲಸ ಮಾಡುವ ಪ್ರಯೋಗಾಲಯದಲ್ಲಿ ನಾಲ್ಕನೆಯ ವರ್ಷದಲ್ಲಿದ್ದಾರೆ. ಈಕೆ ಇತಿಹಾಸ ವಿಭಾಗದಲ್ಲಿ ಎರಡನೆಯ ವರ್ಷದಲ್ಲಿದ್ದಾರೆ. ಒಟ್ಟಿಗೆ ಓದಿದರೆ ಒಬ್ಬರ ಕಷ್ಟ ಇನ್ನೊಬ್ಬರಿಗೆ ತಾನಾಗಿ ತಿಳಿಯುತ್ತದೆ ಎಂದು ನಂಬಿ, ಇದ್ದ ಉದ್ಯೋಗ ಬಿಟ್ಟು ಬಂದವರು. ಈಗ ವಾರದಲ್ಲಿ ನಾಲ್ಕು ದಿನ ಜಗಳ. ಪಾತ್ರೆ ಯಾರು ತೊಳೆಯಬೇಕು, ನಡುರಾತ್ರಿ ಲ್ಯಾಬಿನಿಂದ ಬರುವವರಿಗಾಗಿ ಎಚ್ಚರವಿರಬೇಕೇ ಬೇಡವೇ ಎಂಬಂಥ ಜಗಳಗಳು. "ನಿನ್ನದು ಓದುವ ಕೆಲಸ, ಯಾವಾಗ ಬೇಕಾದರೂ ಮಾಡಬಹುದು. ನನ್ನ ಕೋಶಗಳು ಕಾಯುವುದಿಲ್ಲ" ಎನ್ನುತ್ತಾರಂತೆ ಪತಿ. ಪತ್ರ ಮುಗಿಯುವುದು ಹೀಗೆ: "ನನಗೆ ಅವರ ಮೇಲೆ ಹೊಟ್ಟೆಕಿಚ್ಚೇ? ನಾನು ಹೇಗೆ ಬದಲಾಗಲಿ?"

ಪತ್ರ ಮೂರು ಪುಟವಿದೆ. ಪಾತ್ರೆಗೇ ಒಂದು ಪುಟ ಹೋಗಿದೆ. ಎರಡನೆಯ ಪುಟದ ನಡುವೆ, ಅವಸರದಲ್ಲಿ ಬರೆದ ಒಂದು ಸಾಲು ಹೀಗಿದೆ: "ಅವರ ಲೇಖನದ ತಿದ್ದುಪಡಿಗೆ ಸಹಾಯ ಮಾಡಬೇಕಿದ್ದುದರಿಂದ ನನ್ನ ಅರ್ಹತಾ ಪರೀಕ್ಷೆಯನ್ನು ಒಂದು ಸೆಮಿಸ್ಟರ್ ಮುಂದಕ್ಕೆ ಹಾಕಿಸಿಕೊಂಡೆ. ಅದೇನೂ ತೊಂದರೆಯಿಲ್ಲ, ನನ್ನ ಗೈಡ್ ಒಳ್ಳೆಯವರು, ಸಂಸಾರವಿದೆಯಲ್ಲ ನಿಧಾನವಾಗಿ ಬರೆಯಮ್ಮ ಎಂದರು." ಅಲ್ಲಿಂದ ಮತ್ತೆ ಪಾತ್ರೆಗೆ ಮರಳಿದ್ದೀರಿ.

ನಾನು ಮಾತ್ರ ಆ ಸಾಲಿನಲ್ಲೇ ನಿಂತುಬಿಟ್ಟೆ. ತೊಂದರೆಯಿಲ್ಲ ಎಂದು ಬರೆಯಲು ನಿಮಗೆ ಕೈ ಹೇಗೆ ಬಂತು? ಪಿಎಚ್‌ಡಿಗೆ ಸೇರಿದ ಮೇಲೆ ಸಮಿತಿಯ ಮುಂದೆ ಕೊಡುವ ಈ ಅರ್ಹತಾ ಪರೀಕ್ಷೆ ಮುಗಿಯುವ ತನಕ ಸಂಶೋಧನೆ ನಿಮ್ಮದಾಗುವುದಿಲ್ಲ. ಸಂಶೋಧನಾ ಪ್ರಸ್ತಾವ, ದಾಖಲೆಗಳಿಗಾಗಿ ಪತ್ರಾಗಾರಗಳಿಗೆ ಹೋಗುವ ಪ್ರಯಾಣ, ಅದಕ್ಕೆ ಬೇಕಾದ ಅನುದಾನದ ಅರ್ಜಿ, ಎಲ್ಲವೂ ಆ ಪರೀಕ್ಷೆಯ ಆಚೆಗಿವೆ. ಪರೀಕ್ಷೆಯನ್ನು ಮುಂದೂಡಬಹುದು, ಆದರೆ ಫೆಲೋಶಿಪ್ಪಿನ ಅವಧಿ ಅದಕ್ಕಾಗಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಇಂದು ಬಿಟ್ಟುಕೊಟ್ಟ ಆರು ತಿಂಗಳು ಕೊನೆಯ ವರ್ಷದಲ್ಲಿ, ಕೈಯಲ್ಲಿ ಹಣವಿಲ್ಲದೆ ಅಧ್ಯಾಯ ಬರೆಯುವ ಆರು ತಿಂಗಳಾಗಿ ನಿಮ್ಮ ಮುಂದೆ ಬಂದು ನಿಲ್ಲುತ್ತವೆ.

ಇನ್ನು "ಓದು ಯಾವಾಗ ಬೇಕಾದರೂ ಆಗುತ್ತದೆ" ಎಂಬ ಮಾತು. ನಿಮ್ಮ ಪತಿ ಕೋಶಗಳ ಬಗ್ಗೆ ಹೇಳಿದ್ದು ನಿಜ. ಎರಡು ಮೂರು ದಿನಕ್ಕೊಮ್ಮೆ ಅವುಗಳಿಗೆ ಹೊಸ ಪೋಷಕ ದ್ರವ ಬೇಕು, ಭಾನುವಾರವೆಂದು ಅವು ಸುಮ್ಮನಿರುವುದಿಲ್ಲ. ಆ ದುಡಿಮೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಇತಿಹಾಸದ ಪರೀಕ್ಷೆಗೆ ಓದುವವರು ಹತ್ತಾರು ಗ್ರಂಥಗಳನ್ನು ಒಂದೇ ಕಾಲಕ್ಕೆ ತಲೆಯಲ್ಲಿ ಇಟ್ಟುಕೊಂಡಿರಬೇಕು. ಒಬ್ಬರ ವಾದ ಇನ್ನೊಬ್ಬರದಕ್ಕೆ ಎಲ್ಲಿ ತಗುಲುತ್ತದೆ, ಯಾವ ಮಾತನ್ನು ಯಾರು ಯಾವ ದಾಖಲೆಯಿಂದ ಅಲ್ಲಗಳೆದರು ಎಂಬ ಎಳೆಗಳನ್ನೆಲ್ಲ ಹಿಡಿದಿರಬೇಕು. ಮೂರು ವಾರ ಬಿಟ್ಟರೆ ಎಳೆಗಳು ಕೈಜಾರುತ್ತವೆ, ಮೊದಲ ಪುಸ್ತಕಕ್ಕೇ ಹಿಂತಿರುಗಬೇಕಾಗುತ್ತದೆ. ಕೋಶ ಸತ್ತರೆ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ, ಇಡೀ ಲ್ಯಾಬು ಮರುಗುತ್ತದೆ. ನಿಮ್ಮ ಓದು ಸತ್ತದ್ದನ್ನು ಯಾರೂ ನೋಡಲಿಲ್ಲ. ನೀವೂ ಅದನ್ನು ಹೊಟ್ಟೆಕಿಚ್ಚು ಎಂದುಕೊಂಡಿರಿ.

ಮನೆಯಲ್ಲಿ ಇಬ್ಬರು ಓದುವವರಿದ್ದರೆ ಎರಡು ಮೇಜು ಇರಲೇಬೇಕು ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಮತ್ತೊಮ್ಮೆ ಬರೆಯುತ್ತೇನೆ. ತೊಡೆಯ ಮೇಲೆ ದಿಂಬಿಟ್ಟುಕೊಂಡು ಹಾಸಿಗೆಯಲ್ಲಿ ಕುಳಿತು ಓದುತ್ತೇನೆ ಎಂದಿದ್ದೀರಿ. ಮನೆಯಲ್ಲಿರುವ ಒಂದೇ ಮೇಜಿನ ಮೇಲೆ ಅವರ ಎರಡು ಪರದೆಗಳಿವೆಯಂತೆ. ಕಾಗದ ಹರಡಿಟ್ಟು ಎದ್ದುಹೋಗಿ, ಮರುದಿನ ಅದೇ ಜಾಗದಲ್ಲಿ ಅವು ಹಾಗೆಯೇ ಇರುವುದನ್ನು ಕಂಡರೆ ಮಾತ್ರ ಆ ಮನೆಯಲ್ಲಿ ನಿಮ್ಮ ಕೆಲಸವೂ ಇದೆ ಎಂದು ಅರ್ಥ. ದಿಂಬಿನ ಮೇಲಿನ ಕೆಲಸವನ್ನು ಪ್ರತಿ ರಾತ್ರಿ ಮಡಚಿಡಬೇಕು. ಮಡಚಿಡುವ ಕೆಲಸವನ್ನು ಮುಂದೂಡುವುದು ಬಹಳ ಸುಲಭ.

ನನ್ನ ಸಿಟ್ಟು ನಿಮ್ಮ ಪತಿಯ ಮೇಲೆ ಎಂದು ಭಾವಿಸಬೇಡಿ. ನನ್ನ ಸಿಟ್ಟು ನಿಮ್ಮ ಒಳ್ಳೆಯ ಗೈಡ್ ಮೇಲೆ. ನಿಮಗೆ ಸಂಸಾರವಿದೆ ಎಂಬುದು ಅವರಿಗೆ ನೆನಪಾಯಿತು. ಅದೇ ಸಂಸಾರ, ಅದೇ ಮನೆ ನಿಮ್ಮ ಪತಿಗೂ ಇದೆಯಲ್ಲ! ಅವರ ಗೈಡ್ "ಸಂಸಾರವಿದೆಯಲ್ಲ, ಲೇಖನ ನಿಧಾನವಾಗಿ ಕಳಿಸಪ್ಪ" ಎಂದರೇ? ಕೇಳಿದ್ದನ್ನು ಕೇಳಿದ ಕೂಡಲೇ ಕೊಟ್ಟುಬಿಡುವ ಮಾರ್ಗದರ್ಶಕರು ವಿದ್ಯಾರ್ಥಿನಿಯಿಂದ ಏನನ್ನೂ ನಿರೀಕ್ಷಿಸದೆ ಇರಬಹುದು ಎಂಬ ಭಯ ನನಗಿದೆ. ಏಕೆ ಮುಂದೂಡುತ್ತೀಯಮ್ಮ ಎಂದು ಒಂದು ಪ್ರಶ್ನೆಯನ್ನಾದರೂ ಅವರು ಕೇಳಬೇಕಿತ್ತು.

ಇಂಥ ಒಳ್ಳೆಯತನಕ್ಕೆ ಹಳೆಯ ಇತಿಹಾಸವಿದೆ. ಭೌತವಿಜ್ಞಾನಿ ಮರಿಯಾ ಗೊಪರ್ಟ್ ಮೇಯರ್ 1930ರಲ್ಲಿ ಜರ್ಮನಿಯ ಗಾಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದು, ರಸಾಯನ ವಿಜ್ಞಾನಿಯಾಗಿದ್ದ ಪತಿಯೊಂದಿಗೆ ಅಮೆರಿಕಕ್ಕೆ ಹೋದರು. ಪತಿಗೆ ಹುದ್ದೆ ಕೊಟ್ಟ ವಿಶ್ವವಿದ್ಯಾಲಯಗಳು ಈಕೆಯನ್ನು ಹೊರಗೇನೂ ಹಾಕಲಿಲ್ಲ, ಕುಳಿತು ಕೆಲಸ ಮಾಡಲು ಜಾಗ ಕೊಟ್ಟವು. ಷಿಕಾಗೋದಲ್ಲಿ ಪ್ರಾಧ್ಯಾಪಕಿ ಎಂಬ ಹೆಸರೂ ಸಿಕ್ಕಿತು, ಸಂಬಳ ಮಾತ್ರ ಇರಲಿಲ್ಲ. ಪೂರ್ಣ ಸಂಬಳದ ಪ್ರಾಧ್ಯಾಪಕ ಹುದ್ದೆ ಅವರಿಗೆ ದೊರೆತದ್ದು 1960ರಲ್ಲಿ. ಮೂರು ವರ್ಷಗಳ ನಂತರ, 1963ರಲ್ಲಿ, ಭೌತವಿಜ್ಞಾನದ ನೊಬೆಲ್ ಬಂತು. ಅವರ ಪತಿ ಮೊದಲಿನಿಂದಲೂ ಆಕೆಯ ಕೆಲಸದ ಪರವಾಗಿದ್ದವರು. ಸುತ್ತಲಿನವರು ಒಳ್ಳೆಯವರಾಗಿರುವುದೊಂದೇ ಸಾಲದು ಎಂದು ನಾನು ಹಟ ಹಿಡಿದು ಹೇಳುವುದು ಇದಕ್ಕೇ.

ನಿಮ್ಮ ಪತಿಯ ಗಡುವಿನ ಬಗ್ಗೆ ಒಂದು ಮಾತು. ಲೇಖನವನ್ನು ಪರಿಶೀಲಿಸಿದ ಪರಾಮರ್ಶಕರ ಆಕ್ಷೇಪಗಳಿಗೆ ಉತ್ತರಿಸಲು ಸಂಶೋಧನಾ ಪತ್ರಿಕೆಗಳು ದಿನ ಗೊತ್ತುಮಾಡುತ್ತವೆ, ನಿಜ. ಆದರೆ ಇನ್ನೂ ಕೆಲವು ವಾರ ಬೇಕು ಎಂದು ಸಂಪಾದಕರಿಗೆ ಎರಡು ಸಾಲು ಬರೆದರೆ ಹೆಚ್ಚಿನ ಸಂದರ್ಭಗಳಲ್ಲಿ ಕೊಡುತ್ತಾರೆ. ನಾಲ್ಕನೆಯ ವರ್ಷದ ಸಂಶೋಧಕರಿಗೆ ಇದು ತಿಳಿದೇ ಇರುತ್ತದೆ. ನಿಮ್ಮ ಮನೆಯಲ್ಲಿದ್ದ ಎರಡು ಗಡುವುಗಳಲ್ಲಿ ಸುಲಭವಾಗಿ ಸರಿಯುವಂಥದ್ದು ಅವರದಾಗಿತ್ತು, ಸರಿದದ್ದು ನಿಮ್ಮದು. ಉಲ್ಲೇಖಗಳ ಪಟ್ಟಿ ಸರಿಪಡಿಸಿದಿರಿ, ಭಾಷೆ ತಿದ್ದಿದಿರಿ, ಚಿತ್ರಗಳ ವಿವರಣೆ ಬರೆದಿರಿ. "ನನ್ನ ಮಹಾಪ್ರಬಂಧದ ಕೃತಜ್ಞತೆಯಲ್ಲಿ ನಿನ್ನ ಹೆಸರೇ ಮೊದಲು" ಎಂದು ಅವರು ಹೇಳಿದ್ದನ್ನು ಸಂತೋಷದಿಂದ ಬರೆದಿದ್ದೀರಿ. ಅದನ್ನು ಓದಿ ನನಗೆ ಸಂಕಟವಾಯಿತು. ಬ್ರೂಸ್ ಹೋಲ್ಸಿಂಗರ್ ಎಂಬ ಸಾಹಿತ್ಯ ಪ್ರಾಧ್ಯಾಪಕರು 2017ರಲ್ಲಿ ಹಳೆಯ ವಿದ್ವತ್ ಗ್ರಂಥಗಳ ಕೃತಜ್ಞತಾ ಪುಟಗಳನ್ನು ಟ್ವಿಟರಿನಲ್ಲಿ ಹಂಚತೊಡಗಿದರು. ಹಸ್ತಪ್ರತಿಯನ್ನು ಟೈಪ್ ಮಾಡಿಕೊಟ್ಟ "ನನ್ನ ಹೆಂಡತಿ"ಗೆ ಧನ್ಯವಾದ ಎಂಬ ಸಾಲುಗಳು ಪುಟದ ಮೇಲೆ ಪುಟ ಬಂದವು, ಹಲವು ಕಡೆ ಆಕೆಯ ಹೆಸರೂ ಇರಲಿಲ್ಲ. ನಿಮ್ಮ ಹೆಸರು ಇರುತ್ತದೆ ಎಂಬುದೇನೋ ನಿಜ. ಆದರೆ ನೀವು ಮನೆ ಬಿಟ್ಟು ಅಷ್ಟು ದೂರ ಬಂದದ್ದು ಇನ್ನೊಬ್ಬರ ಪುಸ್ತಕದ ಆ ಪುಟಕ್ಕಾಗಿ ಅಲ್ಲ.

ಪತಿ ಕೆಟ್ಟವರೆಂದು ನನಗೆ ಅನ್ನಿಸುತ್ತಿಲ್ಲ. ಮುಂದೂಡು ಎಂದು ಅವರು ಕೇಳಿದರೆಂದು ಪತ್ರದಲ್ಲಿ ಎಲ್ಲಿಯೂ ಇಲ್ಲ. ನೀವೇ ಕೊಟ್ಟಿರಿ, ಕೊಟ್ಟದ್ದನ್ನು ಹೇಳಲೂ ಇಲ್ಲ. ಈಗ ಅದು ಪಾತ್ರೆಯ ಸದ್ದಾಗಿ ಹೊರಬರುತ್ತಿದೆ. ಪಾತ್ರೆಯ ವಿಚಾರಕ್ಕೆ ನನ್ನಲ್ಲಿ ಸಲಹೆಯೇನೂ ಇಲ್ಲ. ಪಾಳಿ ಹಾಕಿಕೊಳ್ಳಿ, ಅಥವಾ ಎರಡು ದಿನ ಹಾಗೆಯೇ ಬಿದ್ದಿರಲಿ.

ಮಾಡಬೇಕಾದದ್ದು ಒಂದೇ. ಈ ಉತ್ತರ ಓದಿದ ದಿನವೇ ನಿಮ್ಮ ಗೈಡ್‌ಗೆ ಮೇಲ್ ಬರೆಯಿರಿ. ಸಾಧ್ಯವಾದಷ್ಟು ಬೇಗ ಪರೀಕ್ಷೆಗೆ ಕೂರುತ್ತೇನೆ, ಸಮಿತಿಯವರನ್ನು ಕೇಳಿ ದಿನಾಂಕ ಗೊತ್ತುಮಾಡಿ ಎಂದು ಬರೆಯಿರಿ. ಕಾರಣ, ಕ್ಷಮೆ, ಸಂಸಾರದ ಪ್ರಸ್ತಾಪ ಯಾವುದೂ ಬೇಡ. ಪತಿಯನ್ನು ಮೊದಲು ಕೇಳಬೇಡಿ. ಕೇಳಿದರೆ ಲ್ಯಾಬಿನ ಯಾವುದೋ ತಿಂಗಳಿಗೆ ಹೊಂದಿಸಿಕೊಳ್ಳುವ ಮಾತು ಬರುತ್ತದೆ, ನೀವು ಒಪ್ಪಿಬಿಡುತ್ತೀರಿ. ದಿನಾಂಕ ಕೈಗೆ ಬಂದ ಮೇಲೆ ಹೇಳಿ. ಆ ರಾತ್ರಿ ಎಷ್ಟು ಹೊತ್ತಾದರೂ ಎಚ್ಚರವಿದ್ದು, ಅವರು ಚೀಲ ಕೆಳಗಿಟ್ಟ ಮೇಲೆ ಎದುರು ಕೂರಿಸಿಕೊಂಡು ಹೇಳಿ. ಹಾಗೆಯೇ ಮೇಜಿನ ಮೇಲಿನ ಒಂದು ಪರದೆಯನ್ನು ಲ್ಯಾಬಿಗೆ ಒಯ್ಯಲು ಹೇಳಿ. ಎರಡನೆಯ ಮೇಜು ಬರುವ ತನಕ ಅಷ್ಟು ಜಾಗ ಸಾಕು.

ನನಗೆ ಮತ್ತೆ ಮೂರು ಪುಟ ಬರೆಯಬೇಡಿ. ದಿನಾಂಕವೊಂದನ್ನು ಬರೆದು ಕಳಿಸಿ.